ಹೆಸರು ಕೆಲಸಕ್ಕೆ, ವಿಳಾಸ ಬಾಂಡಿಗೆ

ಸರ್ವರ್ ಕೈಕೊಡುವುದು ಓಡುತ್ತಿರುವಾಗ ಕಡಿಮೆ, ಮಲಗಿ ಎದ್ದಾಗಲೇ ಹೆಚ್ಚು. ವರ್ಷಗಟ್ಟಲೆ ತಕರಾರಿಲ್ಲದೆ ದುಡಿದ ಯಂತ್ರ ಒಂದು ಸಂಜೆ ಕರೆಂಟು ಹೋಗಿ, ಯುಪಿಎಸ್ ಬ್ಯಾಟರಿಯೂ ಬರಿದಾಗಿ ಆರಿಹೋಗುತ್ತದೆ. ಬೆಳಿಗ್ಗೆ ಮತ್ತೆ ಏಳುತ್ತದೆ. ಡಿಸ್ಕು ಸರಿಯಿದೆ, ಡೇಟಾಬೇಸ್ ಸರಿಯಿದೆ, ಹಿಂಬದಿಯ ಹಸಿರು ದೀಪವೂ ಮಿನುಗುತ್ತಿದೆ. ಆದರೆ ನೆಟ್‌ವರ್ಕಿನಲ್ಲಿ ಸರ್ವರೇ ಕಾಣುವುದಿಲ್ಲ. ಹುಡುಕುತ್ತ ಹೋದರೆ ಸಿಗುವ ಕಾರಣ ನಗು ಬರಿಸುವಷ್ಟು ಚಿಕ್ಕದು: ನಿನ್ನೆಯವರೆಗೆ ಒಂದು ಹೆಸರಿದ್ದ ಪೋರ್ಟಿಗೆ ಇವತ್ತು ಬೇರೆ ಹೆಸರು ಬಂದಿದೆ, ಐಪಿ ವಿಳಾಸ ಮಾತ್ರ ಹಳೆಯ ಹೆಸರಿನ ದಾರಿ ಕಾಯುತ್ತ ಕೂತಿದೆ. ಏಪ್ರಿಲ್–ಮೇ ತಿಂಗಳ ಗುಡುಗು ಸಿಡಿಲು, ಅದರ ಬೆನ್ನಿಗೇ ಬರುವ ಮಲೆನಾಡಿನ ಮಳೆ ಶಿವಮೊಗ್ಗ–ಭದ್ರಾವತಿಯವರಿಗೆ ಹೊಸದಲ್ಲ. ಇಲ್ಲಿನ ಕಾಲೇಜು ಲ್ಯಾಬು, ನರ್ಸಿಂಗ್ ಹೋಂ, ಅಡಿಕೆ ಮಂಡಿ, ಸಹಕಾರ ಸಂಘಗಳಂಥ ಕಡೆ ಸರ್ವರ್ ಇರುವುದು ಹೆಚ್ಚಾಗಿ ಒಂದು ಚಿಕ್ಕ ಕೋಣೆಯಲ್ಲಿ. ದೂರದಿಂದಲೇ ಪರದೆ ನೋಡಿ ರಿಪೇರಿ ಮಾಡುವ ಕನ್ಸೋಲ್ ಕಾರ್ಡಿಗೆ ದುಡ್ಡು ಹಾಕಿದವರು ಕಡಿಮೆ. ಗುತ್ತಿಗೆಯ ಎಂಜಿನಿಯರ್ ಸುಮಾರು 300 ಕಿ.ಮೀ. ಆಚೆ ಬೆಂಗಳೂರಿನಲ್ಲಿದ್ದರೆ ಆ ದಿನದ ಕೆಲಸ ಹೋದಂತೆಯೇ. ಹಾಗಾಗಿ ಪೋರ್ಟಿನ ಹೆಸರು ದೊಡ್ಡ ಡೇಟಾ ಸೆಂಟರಿನವರಿಗಿಂತ ನಮ್ಮಂಥ ಊರಿನವರನ್ನು ಹೆಚ್ಚು ಕಾಡಬೇಕಾದ ವಿಷಯ. ನನ್ನ ವಾದ ಇಷ್ಟು: ಲಿನಕ್ಸ್ ತಾನಾಗಿ ಕೊಡುವ ಹೆಸರನ್ನು ನಂಬಿ ವಿಳಾಸ ಬರೆಯಬೇಡಿ. ಪೋರ್ಟಿಗೆ ಅದರ ಕೆಲಸ ನೋಡಿ ನೀವೇ ಹೆಸರಿಡಿ, ವಿಳಾಸವನ್ನು ಬಾಂಡಿಗೆ, ಅಂದರೆ ಎರಡು ಪೋರ್ಟು ಕೂಡಿಸಿ ಕಟ್ಟಿದ ಒಂದೇ ಇಂಟರ್‌ಫೇಸಿಗೆ, ಕೊಡಿ.

ಈ ಗೊಂದಲಕ್ಕೆ ಹಳೆಯ ಚರಿತ್ರೆಯೇ ಇದೆ. ಲಿನಕ್ಸ್ ಕರ್ನಲ್ ಮೊದಲಿನಿಂದಲೂ ಈಥರ್ನೆಟ್ ಪೋರ್ಟುಗಳಿಗೆ ಎತ್0, ಎತ್1 ಎಂದು ಕಂಡ ಕ್ರಮದಲ್ಲಿ ಅಂಕಿ ಹಚ್ಚುತ್ತ ಬಂತು. ಡ್ರೈವರ್ ಯಾವ ಕಾರ್ಡನ್ನು ಮೊದಲು ಗುರುತಿಸಿತೋ ಅದು ಸೊನ್ನೆ. ಒಂದೇ ಕಾರ್ಡಿದ್ದ ಕಾಲಕ್ಕೆ ಇದರಲ್ಲಿ ದೋಷವಿರಲಿಲ್ಲ. ಎರಡು ಮೂರು ಕಾರ್ಡು ಬಂದು, ಡ್ರೈವರುಗಳು ಏಕಕಾಲಕ್ಕೆ ಏಳತೊಡಗಿದ ಮೇಲೆ ಇವತ್ತು ಮೊದಲು ಬಂದದ್ದು ನಾಳೆ ಎರಡನೆಯದಾಗುವ ಸಂಭವ ಹುಟ್ಟಿತು. ಅದಕ್ಕೆ ಮದ್ದಾಗಿ, ಸಾಧನಗಳಿಗೆ ಹೆಸರು ಹಚ್ಚುವ ಯುಡೆವ್‌ನವರು ಕಾರ್ಡಿನ ಮ್ಯಾಕ್ ವಿಳಾಸವನ್ನು ಒಂದು ನಿಯಮದ ಕಡತದಲ್ಲಿ ಬರೆದಿಟ್ಟು, ಈ ಮ್ಯಾಕ್‌ಗೆ ಈ ಅಂಕಿ ಎಂದು ಗಂಟು ಹಾಕಿದರು. ಹಳಬರಿಗೆ ಅದರ ಕಾಟ ನೆನಪಿರುತ್ತದೆ: ಮದರ್‌ಬೋರ್ಡ್ ಬದಲಿಸಿದರೆ ಹೊಸ ಪೋರ್ಟು ಎತ್1 ಆಗಿ ಏಳುತ್ತಿತ್ತು, ಎತ್0 ಇಲ್ಲದ ಕಾರ್ಡಿನ ಹೆಸರಿನಲ್ಲಿ ಕಡತದೊಳಗೇ ಉಳಿಯುತ್ತಿತ್ತು. ಸಾಲದ್ದಕ್ಕೆ, ಯುಡೆವ್ ಒಂದು ಕಾರ್ಡಿಗೆ ಎತ್0 ಎಂದು ಹೆಸರಿಡಲು ಹೊರಟ ಹೊತ್ತಿಗೇ ಕರ್ನಲ್ ಅದೇ ಹೆಸರನ್ನು ಇನ್ನೊಂದಕ್ಕೆ ಕೊಟ್ಟು ಇಬ್ಬರೂ ಡಿಕ್ಕಿ ಹೊಡೆಯುತ್ತಿದ್ದರು. ಡೆಲ್ ಕಂಪನಿ ಬಯಾಸ್‌ಡೆವ್‌ನೇಮ್ ಎಂಬ ಸಾಧನದಿಂದ ಬೇರೊಂದು ದಾರಿ ತೋರಿಸಿತು. ಕೊನೆಗೆ 2013ರ ಜನವರಿಯಲ್ಲಿ ಬಂದ, ಯಂತ್ರ ಏಳುವಾಗ ಸೇವೆಗಳನ್ನು ಎಬ್ಬಿಸುವ ಸಿಸ್ಟಮ್‌ಡಿಯ 197ನೇ ಆವೃತ್ತಿ ಇವತ್ತು ನಾವು ನೋಡುವ ಹೆಸರುಗಳನ್ನು ತಂದಿತು. 2014ರ ರೆಡ್‌ಹ್ಯಾಟ್ 7 ಅದನ್ನು ಕಂಪನಿಗಳ ಸರ್ವರ್ ಕೋಣೆಯೊಳಗೆ ಕರೆದೊಯ್ದಿತು.

ಹೊಸ ಹೆಸರು ಮೊದಲ ನೋಟಕ್ಕೆ ಗಂಟುಮೋರೆ ಹಾಕಿಕೊಂಡಂತೆ ಕಂಡರೂ ಅದರೊಳಗೆ ಅರ್ಥವಿದೆ. ಎನೊ1 ಎಂದರೆ ಬೋರ್ಡಿನ ಮೇಲೇ ಕೂತಿರುವ, ಫರ್ಮ್‌ವೇರ್ ಒಂದನೆಯದೆಂದು ಹೇಳಿದ ಪೋರ್ಟು. ಎನ್‌ಎಸ್1 ಎಂದರೆ ಒಂದನೇ ಸ್ಲಾಟಿನ ಕಾರ್ಡು. ಎನ್‌ಪಿ3ಎಸ್0 ಎಂದರೆ ಮೂರನೇ ಪಿಸಿಐ ಬಸ್ಸಿನ ಸೊನ್ನೆ ನಂಬರಿನ ಜಾಗದಲ್ಲಿರುವುದು. ಫರ್ಮ್‌ವೇರಿನಿಂದ ಏನೂ ತಿಳಿಯದಿದ್ದಾಗ ಮಾತ್ರ ಬಸ್ಸಿನ ದಾರಿ ಹಿಡಿದು ಹೆಸರು ಕಟ್ಟಲಾಗುತ್ತದೆ. ಒಟ್ಟಿನಲ್ಲಿ ಇವೆಲ್ಲ ಸ್ಥಳನಾಮಗಳು. ನಮ್ಮ ಬಿ.ಎಚ್. ರಸ್ತೆಯನ್ನೇ ನೋಡಿ: ಬೆಂಗಳೂರಿನಿಂದ ಹೊನ್ನಾವರಕ್ಕೆ ಹೋಗುವ ದಾರಿಯೆಂದು ಆ ಹೆಸರು. ಭದ್ರಾವತಿಯಲ್ಲೂ ಅದೇ ಹೆಸರು, ಶಿವಮೊಗ್ಗದಲ್ಲೂ ಅದೇ. ದಾರಿ ಹೇಳುವುದಕ್ಕೆ ಒಳ್ಳೆಯದು, ಮನೆ ಗುರುತಿಸುವುದಕ್ಕೆ ಸಾಲದು. ಪಿಸಿಐ ಬಸ್ಸಿನ ನಂಬರುಗಳು ಯಂತ್ರ ಏಳುವಾಗ ಎಣಿಕೆಯಿಂದ ಬರುವಂಥವು. ಹೊಸ ಎನ್‌ವಿಎಂಇ ಡಿಸ್ಕನ್ನೋ ಗ್ರಾಫಿಕ್ಸ್ ಕಾರ್ಡನ್ನೋ ಇನ್ನೊಂದು ಸ್ಲಾಟಿಗೆ ಸಿಕ್ಕಿಸಿದರೆ ಎಣಿಕೆ ಒಂದು ಹೆಜ್ಜೆ ಸರಿದು, ಯಾರೂ ಮುಟ್ಟದ ನೆಟ್‌ವರ್ಕ್ ಪೋರ್ಟು ಎನ್‌ಪಿ3ಎಸ್0 ಹೋಗಿ ಎನ್‌ಪಿ4ಎಸ್0 ಆಗಬಹುದು. ಬಯಾಸ್ ಅಪ್‌ಡೇಟ್‌ನಿಂದಲೂ ಆಗಬಹುದು. ಸಿಸ್ಟಮ್‌ಡಿಯ ಹೆಸರು ಕಟ್ಟುವ ನಿಯಮಗಳೇ ಆವೃತ್ತಿಯಿಂದ ಆವೃತ್ತಿಗೆ ಬದಲಾಗಿರುವುದರಿಂದ ಆಪರೇಟಿಂಗ್ ಸಿಸ್ಟಮ್ ಒಂದು ದೊಡ್ಡ ಮೆಟ್ಟಿಲು ಏರಿದಾಗಲೂ ಆಗಬಹುದು. ಹಳೆಯ ನಿಯಮವನ್ನೇ ಹಿಡಿದಿಡಲು ಕರ್ನಲ್ ಸಾಲಿಗೆ ‘ನೆಟ್ ಡಾಟ್ ನೇಮಿಂಗ್ ಹೈಫನ್ ಸ್ಕೀಮ್’ ಎಂಬ ನಿಯತಾಂಕ ಸೇರಿಸಬಹುದು ಎಂಬುದೇ ಈ ಬದಲಾವಣೆ ನಿಜ ಎನ್ನುವುದಕ್ಕೆ ಸಾಕ್ಷಿ. ಯಂತ್ರದ ಒಳಗನ್ನೂ ಬಯಾಸನ್ನೂ ಆಪರೇಟಿಂಗ್ ಸಿಸ್ಟಮನ್ನೂ ಯಾರೂ ಮುಟ್ಟದಿದ್ದರೆ ಹೆಸರು ಬದಲಾಗದು ಎಂಬಷ್ಟನ್ನೇ ನಂಬಬಹುದು. 

ಹಾಗಾದರೆ ಮಾಡಬೇಕಾದದ್ದು ಒಂದು ಚಿಕ್ಕ ಕಡತ ಬರೆಯುವುದು. ಇಟಿಸಿ ಫೋಲ್ಡರಿನೊಳಗೆ ಸಿಸ್ಟಮ್‌ಡಿ, ಅದರೊಳಗೆ ನೆಟ್‌ವರ್ಕ್ ಎಂಬ ಫೋಲ್ಡರಿದೆ. ಅಲ್ಲಿ ಹೆಸರಿನ ಕೊನೆಗೆ ‘ಡಾಟ್ ಲಿಂಕ್’ ಎಂದಿರುವ ಕಡತ ಇಟ್ಟು, ‘ಮ್ಯಾಚ್’ ವಿಭಾಗದಲ್ಲಿ ಯಾವ ಕಾರ್ಡು ಎಂಬುದನ್ನೂ ‘ಲಿಂಕ್’ ವಿಭಾಗದಲ್ಲಿ ಯಾವ ಹೆಸರು ಎಂಬುದನ್ನೂ ಬರೆದರೆ ಮುಗಿಯಿತು. ಕಡತದ ಹೆಸರು 10 ಎಂಬಂಥ ಚಿಕ್ಕ ಅಂಕಿಯಿಂದ ಶುರುವಾಗಲಿ. ಕಡತಗಳನ್ನು ಅಕಾರಾದಿ ಕ್ರಮದಲ್ಲಿ ಓದಿ ಮೊದಲು ಹೊಂದಿದ್ದನ್ನೇ ಅನ್ವಯಿಸುವುದು ಸಿಸ್ಟಮ್‌ಡಿಯ ಪದ್ಧತಿ, ಅದರ ಸ್ವಂತ ಕಡತ 99ರಲ್ಲಿ ಕಾಯುತ್ತಿರುತ್ತದೆ. ಕಾರ್ಡನ್ನು ಗುರುತಿಸುವಾಗ ಬರಿಯ ಮ್ಯಾಕ್ ವಿಳಾಸ ಎಂದು ಬರೆಯುವುದಕ್ಕಿಂತ ‘ಪರ್ಮನೆಂಟ್ ಮ್ಯಾಕ್’ ಎಂದು ಬರೆಯುವುದು ಮೇಲು. ಬಾಂಡಿಗೆ ಸೇರಿದ ಪೋರ್ಟುಗಳು ಬಾಂಡಿನ ಮ್ಯಾಕ್ ವಿಳಾಸವನ್ನೇ ತೊಟ್ಟುಕೊಳ್ಳುತ್ತವೆ, ಅದರ ಮೇಲೆ ಕಟ್ಟಿದ ವಿಲ್ಯಾನ್ ಕೂಡ ಅದನ್ನೇ ಹೊರುತ್ತದೆ; ಒಂದೇ ವೇಷದ ನಾಲ್ವರಲ್ಲಿ ಸಿಸ್ಟಮ್‌ಡಿ ಯಾರನ್ನು ಹಿಡಿಯಬೇಕು? ಕಾರ್ಡು ಕಾರ್ಖಾನೆಯಿಂದ ಹೊತ್ತು ತಂದ ವಿಳಾಸ ಎತ್‌ಟೂಲ್ ಆದೇಶಕ್ಕೆ ದೊಡ್ಡ ‘ಪಿ’ ಸೇರಿಸಿದರೆ ಸಿಗುತ್ತದೆ. ಚಿಕ್ಕ ‘ಪಿ’ ಸೇರಿಸಿದರೆ ಆ ಪೋರ್ಟಿನ ದೀಪ ಮಿನುಗುತ್ತದೆ, ಹಿಂಬದಿಗೆ ಹೋಗಿ ಕಣ್ಣಾರೆ ನೋಡಿಕೊಂಡು ಬರಬಹುದು. ಹೆಸರು 15 ಅಕ್ಷರ ಮೀರಬಾರದು. ಲ್ಯಾನ್‌ಎ, ಲ್ಯಾನ್‌ಬಿ, ಬ್ಯಾಕಪ್0 ಎಂದೇನಾದರೂ ಇಡಿ, ಎತ್0 ಎಂದು ಮಾತ್ರ ಬೇಡ, ಅದು ಇಂದಿಗೂ ಕರ್ನಲ್ಲಿನ ಸೊತ್ತು. ಕೊನೆಯದಾಗಿ ಬಹಳ ಜನ ಮರೆಯುವ ಹೆಜ್ಜೆ: ಈ ಕಡತದ ಒಂದು ಪ್ರತಿ, ಯಂತ್ರ ಏಳುವಾಗ ಮೊದಲು ತೆರೆದುಕೊಳ್ಳುವ ಇನಿಟ್‌ರ್ಯಾಮ್‌ಎಫ್‌ಎಸ್‌ನೊಳಗೂ ಕೂರುತ್ತದೆ. ಉಬುಂಟು, ಡೆಬಿಯನ್‌ನಲ್ಲಿ ‘ಅಪ್‌ಡೇಟ್ ಇನಿಟ್‌ರ್ಯಾಮ್‌ಎಫ್‌ಎಸ್’, ರೆಡ್‌ಹ್ಯಾಟ್ ಕುಟುಂಬದಲ್ಲಿ ‘ಡ್ರಾಕಟ್’ ಓಡಿಸದೆ ರೀಬೂಟ್ ಮಾಡಿದರೆ ಹಳೆಯ ಹೆಸರೇ ಮತ್ತೆ ಎದ್ದು ಬಂದೀತು.

ಇದಕ್ಕೆ ಬರುವ ಮೊದಲ ಆಕ್ಷೇಪ, ಇಷ್ಟೆಲ್ಲ ಯಾಕೆ, ಕರ್ನಲ್ ಸಾಲಿನಲ್ಲಿ ‘ನೆಟ್ ಡಾಟ್ ಇಫ್‌ನೇಮ್ಸ್’ ಸೊನ್ನೆ ಎಂದು ಬರೆದು ಹಳೆಯ ಎತ್0ಗೆ ಮರಳಿದರಾಯಿತಲ್ಲ ಎಂಬುದು. ಒಂದೇ ಪೋರ್ಟಿರುವ ವರ್ಚುವಲ್ ಮಶೀನಿಗೆ ಇದು ಸರಿಯಾದ ಮಾತೇ, ಅಲ್ಲಿ ತಪ್ಪು ತಿಳಿಯಲು ಎರಡನೆಯವರೇ ಇಲ್ಲ. ನಾಲ್ಕು ಪೋರ್ಟಿನ ನಿಜವಾದ ಸರ್ವರಿನಲ್ಲಿ ಹೀಗೆ ಮಾಡುವುದು ಹುಟ್ಟಿದ ಕ್ರಮಕ್ಕೇ ಮತ್ತೆ ಶರಣಾದಂತೆ. ತೊಂದರೆ ಶುರುವಾದದ್ದೇ ಅಲ್ಲಿಂದ. ಎರಡನೆಯ ಆಕ್ಷೇಪಕ್ಕೆ ತೂಕ ಹೆಚ್ಚು: ಮ್ಯಾಕ್ ವಿಳಾಸಕ್ಕೆ ಹೆಸರು ಕಟ್ಟಿದರೆ ಕಾರ್ಡು ಸುಟ್ಟುಹೋದ ದಿನ ಹೊಸ ಕಾರ್ಡಿಗೆ ಆ ಹೆಸರು ಬರುವುದಿಲ್ಲ. ನಿಜ. ಆದರೆ ಆ ದಿನ ತಿದ್ದಬೇಕಾದದ್ದು ಒಂದು ಕಡತದ ಒಂದು ಸಾಲು. ಫೈರ್‌ವಾಲ್, ಡಿಎಚ್‌ಸಿಪಿ, ಬ್ಯಾಕಪ್ ಸ್ಕ್ರಿಪ್ಟು, ವರ್ಚುವಲ್ ಮಶೀನುಗಳ ಬ್ರಿಡ್ಜು ಎಲ್ಲವೂ ಕೆಲಸದ ಹೆಸರನ್ನೇ ಹಿಡಿದಿರುವುದರಿಂದ ಅವನ್ನು ಮುಟ್ಟಬೇಕಿಲ್ಲ. ಅದಲ್ಲದೆ, ಕಾರ್ಡು ಬದಲಿಸುವವನು ಸ್ಕ್ರೂಡ್ರೈವರ್ ಹಿಡಿದು ಯಂತ್ರದ ಎದುರಿಗೇ ನಿಂತಿರುತ್ತಾನೆ, ಹೆಸರು ತಾನಾಗಿ ಸರಿಯುವುದು ಮಾತ್ರ ಯಾರೂ ಇಲ್ಲದ ಹೊತ್ತಿನಲ್ಲಿ. ಕಾರ್ಡು ಪದೇ ಪದೇ ಬದಲಾಗುವ ಕಡೆ ಮ್ಯಾಕ್ ಬದಲು ಪಿಸಿಐ ದಾರಿಯನ್ನು ‘ಮ್ಯಾಚ್’ ವಿಭಾಗದಲ್ಲಿ ಬರೆಯಲೂ ಅವಕಾಶವಿದೆ. ಯಾವುದು ಹೆಚ್ಚು ಅಲುಗಾಡುತ್ತದೆ ಎಂದು ನೋಡಿ ಇನ್ನೊಂದಕ್ಕೆ ಕಟ್ಟುವುದು ಜಾಣತನ.

ಮೂರನೆಯ ಆಕ್ಷೇಪವನ್ನು ಭದ್ರಾವತಿಯವರೇ ಎತ್ತಬಹುದು. ಕೆಲಸಕ್ಕೆ ಹೆಸರಿಟ್ಟರೆ ಕೆಲಸ ನಿಂತ ಮೇಲೆ? ಪೇಪರ್ ಮಿಲ್ಲಿನ ಯಂತ್ರಗಳು ನಿಂತು ವರ್ಷಗಳಾದರೂ ಪೇಪರ್ ಟೌನ್ ಪೇಪರ್ ಟೌನಾಗಿಯೇ ಉಳಿದಿದೆ. ಹಾಗೆಯೇ ಬ್ಯಾಕಪ್0 ಎಂಬ ಪೋರ್ಟಿನಲ್ಲಿ ಇವತ್ತು ಕ್ಯಾಮೆರಾಗಳ ವಿಡಿಯೋ ಹರಿಯುತ್ತಿದ್ದರೆ ಹೆಸರು ಸುಳ್ಳು ಹೇಳಿದಂತಾಯಿತು. ಈ ಮಾತನ್ನು ಪೂರ್ತಿ ಒಪ್ಪುತ್ತೇನೆ. ಊರಿನ ಹೆಸರು ಬದಲಿಸಲು ಸರ್ಕಾರದ ಆದೇಶ ಬೇಕು, ಪೋರ್ಟಿನ ಹೆಸರಿಗೆ ಐದು ನಿಮಿಷ ಸಾಕು. ಕೆಲಸ ಬದಲಾದ ದಿನವೇ ಬದಲಿಸಿ. ಹಳೆಯ ಹೆಸರಿನ ಮೇಲೆ ಅವಲಂಬಿಸಿದ ಸ್ಕ್ರಿಪ್ಟುಗಳು ಉಳಿದಿದ್ದರೆ ಅದಕ್ಕೂ ದಾರಿಯಿದೆ. 5.5ನೇ ಕರ್ನಲ್ಲಿನಿಂದೀಚೆಗೆ ಒಂದು ಇಂಟರ್‌ಫೇಸಿಗೆ ಮುಖ್ಯ ಹೆಸರಲ್ಲದೆ ಪರ್ಯಾಯ ಹೆಸರುಗಳನ್ನೂ ಕೊಡಬಹುದು. ಶಿಮೊಗ ಎಂದು ಇಂಗ್ಲಿಷಿನಲ್ಲಿ ಬರೆಯುತ್ತಿದ್ದುದು 2014ರ ನವೆಂಬರ್ 1ರಿಂದ ಅಧಿಕೃತವಾಗಿ ಶಿವಮೊಗ್ಗವಾಯಿತು, ಆದರೆ ರೈಲ್ವೆಯವರ ನಿಲ್ದಾಣದ ಸಂಕೇತ ಇಂದಿಗೂ ಎಸ್‌ಎಂಇಟಿ. ಟಿಕೆಟ್ ಯಾವುದರಿಂದ ತೆಗೆದರೂ ಇಳಿಯುವ ಊರು ಒಂದೇ. 1918ರಲ್ಲಿ ಶುರುವಾದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯೂ ಮೈಸೂರಿನ ಹೆಸರು ಬಿಟ್ಟು ವಿಶ್ವೇಶ್ವರಯ್ಯನವರ ಹೆಸರು ಪಡೆದು ವಿಐಎಸ್‌ಎಲ್ ಆಯಿತು. ಹೆಸರು ಬದಲಾಯಿತೆಂದು ಗೇಟು ಜಾಗ ಬಿಟ್ಟು ಕದಲಲಿಲ್ಲ. ಪರ್ಯಾಯ ಹೆಸರು ಮಾಡುವುದೂ ಇಷ್ಟೇ ಕೆಲಸ.

ಇನ್ನು ಬಾಂಡಿನ ಮಾತು. ಎರಡು ಪೋರ್ಟುಗಳನ್ನು ಕೂಡಿಸಿ ಒಂದೇ ಇಂಟರ್‌ಫೇಸಿನಂತೆ ತೋರಿಸುವುದು ಬಾಂಡಿಂಗ್. ಈ ಡ್ರೈವರಿನ ಮೂಲ 2.0 ಕರ್ನಲ್ಲಿನ ಕಾಲಕ್ಕೆ ಡೊನಾಲ್ಡ್ ಬೆಕರ್ ಬರೆದ ಬಿಯೊವುಲ್ಫ್ ಪ್ಯಾಚುಗಳಲ್ಲಿದೆ. ಶಿವಮೊಗ್ಗದ ತುಂಗೆ, ಭದ್ರಾವತಿಯ ಭದ್ರೆ ಕೂಡಲಿಯಲ್ಲಿ ಸೇರುವುದನ್ನು ಕಂಡವರಿಗೆ ಬಾಂಡ್ ಎಂದೊಡನೆ ಅದೇ ಚಿತ್ರ ಕಣ್ಣಿಗೆ ಕಟ್ಟುತ್ತದೆ: ಎರಡು ಹೊಳೆ ಸೇರಿದರೆ ನೀರು ಎರಡರಷ್ಟು, ಹಾಗೇ ಎರಡು ಗಿಗಾಬಿಟ್ ಪೋರ್ಟು ಸೇರಿದರೆ ಎರಡು ಗಿಗಾಬಿಟ್ ವೇಗ. ಬಾಂಡಿನ ಬಗ್ಗೆ ಇರುವ ತಪ್ಪು ಕಲ್ಪನೆಗಳಲ್ಲಿ ಇದಕ್ಕಿಂತ ಗಟ್ಟಿಯಾದದ್ದು ಇನ್ನೊಂದಿಲ್ಲ. ಬಾಂಡಿನಲ್ಲಿ ಒಂದು ಸಂಪರ್ಕದ ಪ್ಯಾಕೆಟ್ಟುಗಳು ಸಾಮಾನ್ಯವಾಗಿ ಒಂದೇ ತಂತಿಯಲ್ಲಿ ಹೋಗುತ್ತವೆ. ಹಾಗೆ ಹೋಗದೆ ಎರಡರಲ್ಲೂ ಹಂಚಿಹೋದರೆ ಹಿಂದುಮುಂದಾಗಿ ತಲುಪಿ ಟಿಸಿಪಿ ತಡವರಿಸುತ್ತದೆ. ಒಂದು ಕಂಪ್ಯೂಟರಿನಿಂದ ಸರ್ವರಿಗೆ ಒಂದು ದೊಡ್ಡ ಕಡತ ನಕಲಿಸುವವನಿಗೆ ಬಾಂಡ್ ಇದ್ದರೂ ಒಂದೇ ಗಿಗಾಬಿಟ್, ಇಲ್ಲದಿದ್ದರೂ ಒಂದೇ. ಲಾಭ ಸಿಗುವುದು ಹತ್ತಾರು ಜನ ಏಕಕಾಲಕ್ಕೆ ಬಂದಾಗ, ಅದೂ ಯಾರನ್ನು ಯಾವ ತಂತಿಗೆ ಕಳಿಸಬೇಕೆಂಬ ಲೆಕ್ಕ ಸರಿಯಿದ್ದರೆ ಮಾತ್ರ. ಆ ಲೆಕ್ಕ ಡೀಫಾಲ್ಟಾಗಿ ಮ್ಯಾಕ್ ವಿಳಾಸ ನೋಡುತ್ತದೆ. ಬಳಕೆದಾರರೆಲ್ಲ ಒಂದೇ ರೌಟರಿನ ಆಚೆ ಇದ್ದರೆ ಸರ್ವರಿಗೆ ಕಾಣುವುದು ರೌಟರಿನ ಮ್ಯಾಕ್ ಒಂದೇ, ಹಾಗಾಗಿ ಹೊರಗೆ ಹೋಗುವುದೆಲ್ಲ ಒಂದೇ ತಂತಿಯಲ್ಲಿ ಕಿಕ್ಕಿರಿದು ಇನ್ನೊಂದು ಖಾಲಿ ಬಿದ್ದಿರುತ್ತದೆ. ‘ಲೇಯರ್ 3+4’ ಎಂಬ ನೀತಿ ಹಾಕಿದರೆ ಐಪಿ ಮತ್ತು ಪೋರ್ಟ್ ನಂಬರು ನೋಡಿ ಹಂಚುತ್ತದೆ. ನಿಜವಾಗಿ ವೇಗವೇ ಬೇಕಿದ್ದರೆ 10 ಗಿಗಾಬಿಟ್ ಕಾರ್ಡು ಕೊಳ್ಳುವುದು ಇದಕ್ಕಿಂತ ನೇರವಾದ ದಾರಿ.

ಹಾಗಾದರೆ ಬಾಂಡ್ ಯಾಕೆ? ಕೂಡಲಿಯನ್ನು ಬಿಟ್ಟು ಭದ್ರಾವತಿ ಪೇಟೆಯ ಸೇತುವೆಗಳನ್ನು ನೆನೆಸಿಕೊಳ್ಳಿ. ಭದ್ರಾ ಜಲಾಶಯದಿಂದ ನೀರು ಹೆಚ್ಚು ಬಿಟ್ಟಾಗ ಅಲ್ಲಿನ ಸೇತುವೆಗಳಲ್ಲಿ ತಗ್ಗಿನದು ಮುಳುಗುತ್ತದೆ, ಜನ ಇನ್ನೊಂದರ ಮೇಲೆ ದಾಟುತ್ತಾರೆ. ಬಾಂಡಿನ ಒಂದನೇ ಮೋಡ್, ಆಕ್ಟಿವ್-ಬ್ಯಾಕಪ್, ಇದೇ: ಒಂದು ತಂತಿಯಲ್ಲಿ ಸಂಚಾರ, ಇನ್ನೊಂದು ಸಿದ್ಧವಾಗಿ ನಿಂತಿರುತ್ತದೆ. ಇದಕ್ಕೆ ಸ್ವಿಚ್ಚಿನಲ್ಲಿ ಏನೂ ಹೊಂದಿಸಬೇಕಿಲ್ಲ, ಪೇಟೆಯಲ್ಲಿ ಸಿಗುವ ಸಾದಾ ಅನ್‌ಮ್ಯಾನೇಜ್ಡ್ ಸ್ವಿಚ್ಚೂ ನಡೆದೀತು, ಎರಡು ತಂತಿ ಎರಡು ಬೇರೆ ಸ್ವಿಚ್ಚುಗಳಿಗೆ ಹೋಗಬಹುದು. ನಾಲ್ಕನೇ ಮೋಡ್, ಅಂದರೆ 2000ದಲ್ಲಿ 802.3ಎಡಿ ಎಂದು ಪ್ರಮಾಣಿತವಾಗಿ 2008ರಲ್ಲಿ 802.1ಎಎಕ್ಸ್‌ಗೆ ಸರಿದ ಎಲ್‌ಎಸಿಪಿ, ಹೆಚ್ಚು ಘನವಾದದ್ದು ನಿಜ. ಸ್ವಿಚ್ಚಿಗೂ ಸರ್ವರಿಗೂ ಮಾತುಕತೆ ನಡೆದು ತಪ್ಪು ಜೋಡಣೆ ಬೇಗ ಗೊತ್ತಾಗುತ್ತದೆ. ಆದರೆ ಅದಕ್ಕೆ ಎಲ್‌ಎಸಿಪಿ ತಿಳಿದ ಸ್ವಿಚ್ ಬೇಕು, ಎರಡು ಸ್ವಿಚ್ಚುಗಳಿಗೆ ಹರಡಬೇಕಾದರೆ ಅವೆರಡೂ ಸ್ಟ್ಯಾಕ್ ಆಗಿಯೋ ಬೇರೆ ಬಗೆಯಲ್ಲೋ ಒಂದಾಗಿ ನಡೆದುಕೊಳ್ಳಬೇಕು. ಬಜೆಟ್ ಇದ್ದು ಸ್ವಿಚ್ ನೋಡಿಕೊಳ್ಳುವವರಿದ್ದರೆ ನಾಲ್ಕು, ಇಲ್ಲದಿದ್ದರೆ ಒಂದು. ಉಳಿದ ಮೋಡುಗಳ ಗೊಡವೆ ಚಿಕ್ಕ ಕಚೇರಿಗೆ ಬೇಡ. ಮೋಡ್ ಬರೆಯಲು ಮಾತ್ರ ಮರೆಯಬೇಡಿ: ಡ್ರೈವರಿನ ಡೀಫಾಲ್ಟ್ ಸೊನ್ನೆ ಮೋಡ್, ಪ್ಯಾಕೆಟ್ಟುಗಳನ್ನು ಸರದಿಯಂತೆ ಎರಡೂ ತಂತಿಗೆ ಎಸೆಯುವಂಥದ್ದು. ಸಾದಾ ಸ್ವಿಚ್ಚಿನಲ್ಲಿ ಒಂದೇ ಮ್ಯಾಕ್ ವಿಳಾಸ ಎರಡು ಕಡೆ ಕಾಣಿಸಿಕೊಂಡು ಅದು ತಬ್ಬಿಬ್ಬಾಗುತ್ತದೆ.

ಎರಡು ತಂತಿ ಇದ್ದ ಮಾತ್ರಕ್ಕೆ ಎರಡು ದಾರಿ ಇದ್ದಂತಾಗುವುದಿಲ್ಲ. ಎರಡು ಸ್ವಿಚ್ಚುಗಳೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿನಿಂದ ಕರೆಂಟು ಕುಡಿಯುತ್ತಿದ್ದರೆ, ಎರಡು ಪೋರ್ಟುಗಳೂ ಒಂದೇ ಕಾರ್ಡಿನ ಮೇಲಿದ್ದರೆ, ಎರಡು ಕೇಬಲ್ಲುಗಳೂ ಇಲಿ ಓಡಾಡುವ ಒಂದೇ ಕೊಳವೆಯಲ್ಲಿ ಹೋಗಿದ್ದರೆ ಅದು ಒಂದೇ ದಾರಿಗೆ ಎರಡು ಬಾಗಿಲು ಇಟ್ಟಂತೆ. ಬೋರ್ಡಿನ ಪೋರ್ಟು ಒಂದು, ಸ್ಲಾಟಿನ ಕಾರ್ಡಿನ ಪೋರ್ಟು ಒಂದು ಸೇರಿಸಿ. ಒಂದು ಸ್ವಿಚ್ಚನ್ನು ಒಂದು ಯುಪಿಎಸ್ಸಿಗೆ, ಇನ್ನೊಂದನ್ನು ಮತ್ತೊಂದಕ್ಕೆ ಹಾಕಿ. ಒಂದೇ ಸ್ವಿಚ್ ಇರುವ ಕಡೆ ಬಾಂಡ್ ದಂಡವಲ್ಲವೇ ಎಂದು ಕೇಳುವವರಿಗೆ ಹೇಳುವುದಾದರೆ, ಪೂರ್ತಿ ದಂಡವಲ್ಲ: ಸ್ವಿಚ್ಚೇ ಸತ್ತರೆ ಏನೂ ಉಳಿಯದು, ಆದರೆ ಪಿನ್ನು ಮುರಿದ ಕೇಬಲ್ಲಿಗೆ, ಕೆಟ್ಟ ಪೋರ್ಟಿಗೆ ಅದು ಆಸರೆ. ಜೊತೆಗೆ ವಿಳಾಸ ಬಾಂಡಿನ ಮೇಲಿರುವುದರಿಂದ ಮುಂದೆ ಎರಡನೇ ಸ್ವಿಚ್ ಕೊಂಡ ದಿನ ಒಂದು ಕೇಬಲ್ ಸರಿಸಿದರಾಯಿತು. ತಂತಿ ಸತ್ತಿದ್ದು ಬಾಂಡಿಗೆ ತಿಳಿಯುವುದು ಹೇಗೆ ಎಂಬುದನ್ನೂ ನೋಡಬೇಕು. ‘ಎಂಐಐಮಾನ್’ ಎಂಬಲ್ಲಿ 100 ಎಂದು ನೀವೇ ಬರೆದುಬಿಡಿ, 100 ಮಿಲಿಸೆಕೆಂಡಿಗೊಮ್ಮೆ ಪೋರ್ಟಿನ ದೀಪ ಉರಿಯುತ್ತಿದೆಯೇ ಎಂದು ಅದು ನೋಡುತ್ತದೆ. ಆದರೆ ಅದಕ್ಕೆ ಕಾಣುವುದು ದೀಪವಷ್ಟೇ. ಎರಡು ಕಟ್ಟಡಗಳ ನಡುವೆ ಫೈಬರ್ ಎಳೆದು ಮೀಡಿಯಾ ಕನ್ವರ್ಟರ್ ಕೂರಿಸಿದ ಆವರಣಗಳಲ್ಲಿ, ಆಚೆ ಫೈಬರ್ ತುಂಡಾದರೂ ಈಚಿನ ಕನ್ವರ್ಟರ್ ಸರ್ವರಿಗೆ ದೀಪ ತೋರಿಸುತ್ತಲೇ ಇರಬಹುದು. ಅಂಥ ಕಡೆ ಆಕ್ಟಿವ್-ಬ್ಯಾಕಪ್ ಮೋಡಿನಲ್ಲಿ ಎಆರ್‌ಪಿ ನಿಗಾ ಹಾಕಿ, ಗೇಟ್‌ವೇಯ ಐಪಿ ಕೊಟ್ಟು, ಅದು ಓಗೊಡುತ್ತಿದೆಯೇ ಎಂದು ಕೇಳುತ್ತಿರುವಂತೆ ಮಾಡಬೇಕು. ಈ ನಿಗಾ ಎಲ್‌ಎಸಿಪಿ ಮೋಡಿನಲ್ಲಿ ನಡೆಯದು.

ಬಾಂಡಿನ ಬಹು ದೊಡ್ಡ ದೋಷ ಅದರ ಗುಣದೊಳಗೇ ಅಡಗಿದೆ. ಸೇತುವೆ ಮುಳುಗಿದರೆ ಊರಿಗೇ ಗೊತ್ತಾಗುತ್ತದೆ. ಬಾಂಡಿನ ಒಂದು ತಂತಿ ಸತ್ತರೆ ಯಾರಿಗೂ ಗೊತ್ತಾಗುವುದಿಲ್ಲ, ಯಾಕೆಂದರೆ ಎಲ್ಲವೂ ನಡೆಯುತ್ತಿರುತ್ತದೆ. ಆರು ತಿಂಗಳ ಹಿಂದೆ ಒಂದು ಕಳಚಿಕೊಂಡು, ಇವತ್ತು ಎರಡನೆಯದು ಹೋದಾಗ ಬಾಂಡ್ ಇದ್ದೂ ಸರ್ವರ್ ಬಿತ್ತು ಎಂದು ಬಾಂಡನ್ನು ಬೈಯುವುದು ನ್ಯಾಯವಲ್ಲ. ಪ್ರಾಕ್ ಫೋಲ್ಡರಿನೊಳಗೆ ನೆಟ್, ಅದರೊಳಗೆ ಬಾಂಡಿಂಗ್ ಎಂಬಲ್ಲಿ ಬಾಂಡ್0 ಕಡತವಿದೆ. ಈಗ ಯಾವ ತಂತಿ ಕೆಲಸದಲ್ಲಿದೆ, ಪ್ರತಿಯೊಂದರ ಸ್ಥಿತಿ ಏನು, ಎಷ್ಟು ಸಲ ಕಡಿದುಹೋಗಿತ್ತು ಎಂಬುದೆಲ್ಲ ಅಲ್ಲಿ ಬರೆದಿರುತ್ತದೆ. ಒಂದು ಚಿಕ್ಕ ಸ್ಕ್ರಿಪ್ಟು ದಿನಕ್ಕೆರಡು ಸಲ ಅದನ್ನು ಓದಿ, ತಂತಿಗಳಲ್ಲಿ ಯಾವುದಾದರೂ ಕೆಳಗಿದ್ದರೆ ಒಂದು ಸಂದೇಶ ಕಳಿಸಲಿ. ಕಡಿದ ಎಣಿಕೆ ಏರುತ್ತಲೇ ಇದ್ದರೆ ಆ ಕೇಬಲ್ ಬದಲಿಸಿ. ಮತ್ತೊಂದು ಸೂಕ್ಷ್ಮ: ‘ಪ್ರೈಮರಿ’ ಎಂದು ಒಂದು ತಂತಿಯನ್ನು ಗುರುತಿಸಿದ್ದರೆ ಅದು ಎದ್ದ ಕೂಡಲೇ ಬಾಂಡ್ ಅದಕ್ಕೇ ಮರಳುತ್ತದೆ, ಸಡಿಲ ಕೇಬಲ್ಲಿನ ಮಟ್ಟಿಗೆ ಇದು ನಿಮಿಷಕ್ಕೆ ಹತ್ತು ಸಲದ ಹಗ್ಗಜಗ್ಗಾಟ. ಮರಳುವ ನೀತಿಯನ್ನು ‘ಫೇಲ್ಯೂರ್’ ಎಂದಿಟ್ಟರೆ ಈಗಿನದು ಕೆಟ್ಟಾಗ ಮಾತ್ರ ಬದಲಾಗುತ್ತದೆ.

ಹೆಸರು, ಬಾಂಡುಗಳ ಈ ಬದಲಾವಣೆಯನ್ನು ದೂರದಿಂದ ಮಾಡುವ ಹುಮ್ಮಸ್ಸು ಬೇಡ. ಉಬುಂಟುವಿನ ‘ನೆಟ್‌ಪ್ಲಾನ್ ಟ್ರೈ’ ಆದೇಶ 120 ಸೆಕೆಂಡಿನೊಳಗೆ ನೀವು ಒಪ್ಪಿಗೆ ಕೊಡದಿದ್ದರೆ ಹಳೆಯ ಸ್ಥಿತಿಗೆ ಮರಳುತ್ತದೆ ಎಂಬ ಧೈರ್ಯ ಹಲವರಿಗಿದೆ. ಬಾಂಡ್ ಮತ್ತು ಬ್ರಿಡ್ಜುಗಳ ನಿಯತಾಂಕಗಳ ವಿಷಯದಲ್ಲಿ ಅದು ಹಾಗೆ ಮರಳಿಸಲಾರದು. ಮಾನಿಟರು, ಕೀಬೋರ್ಡು ಸಿಕ್ಕಿಸಿ ಯಂತ್ರದ ಎದುರಿಗೇ ಕೂತು ಮಾಡಿ. ಹಳೆಯ ಕಡತಗಳ ಪ್ರತಿ ತೆಗೆದಿಡಿ, ಪ್ರತಿ ಪೋರ್ಟಿನ ಮೇಲೆ ಹೆಸರು ಮತ್ತು ಮ್ಯಾಕ್‌ನ ಕೊನೆಯ ನಾಲ್ಕು ಅಕ್ಷರ ಬರೆದ ಚೀಟಿ ಅಂಟಿಸಿ. ಆಮೇಲೆ ಪಿಂಗ್ ಓಡುತ್ತಿರುವಾಗಲೇ ಒಂದು ಕೇಬಲ್ ಕಿತ್ತು ನೋಡಿ, ಸಿಕ್ಕಿಸಿ, ಇನ್ನೊಂದನ್ನು ಕೀಳಿ. ಅಷ್ಟಕ್ಕೇ ಬಿಡಬೇಡಿ. ಗುಡುಗಿನ ತಿಂಗಳು ಬರುವ ಮೊದಲು ಒಂದು ಭಾನುವಾರ ಬೆಳಿಗ್ಗೆ, ಕೈಯಲ್ಲಿ ಸಮಯವಿರುವಾಗ, ಸರ್ವರನ್ನು ನೀವೇ ಪೂರ್ತಿ ಆರಿಸಿ ಮತ್ತೆ ಏಳಿಸಿ ನೋಡಿ.